ವೀರಗಲ್ಲು ಓದಲು ಕಲಿತೆ, ಊರೂರಿನಲ್ಲಿ ನೆಂಟಸ್ತಿಕೆ ಬೆಳೆಯಿತು

ನಿವೃತ್ತಿಯಾದವರಿಗೆ ಸಿಗುವ ಉಪದೇಶ ಒಂದೇ: ಹೊತ್ತು ಕಳೆಯಲು ಏನಾದರೂ ಹಚ್ಚಿಕೊಳ್ಳಿ. ದೂರವಾಣಿ ಇಲಾಖೆಯ ಕೆಲಸ ಮುಗಿಸಿ ಶಿವಮೊಗ್ಗದಲ್ಲಿ ನೆಲೆಸಿದಾಗ ನಾನೂ ಅದನ್ನು ಬೇಕಾದಷ್ಟು ಕೇಳಿದೆ. ಹೊತ್ತು ಹೇಗಾದರೂ ಕಳೆಯುತ್ತದೆ. ಅರವತ್ತು ದಾಟಿದ ಮೇಲೆ ಬೇಕಾಗುವುದು ಒಬ್ಬರೇ ಕುಳಿತು ಬಿಡಿಸಲಾಗದ ಒಂದು ಪ್ರಶ್ನೆ. ಅದಿದ್ದರೆ ಇನ್ನೊಬ್ಬರ ಮನೆ ಬಾಗಿಲು ತಟ್ಟಲು ಕಾರಣವಿರುತ್ತದೆ, ಅವರಿಗೂ ನಮ್ಮನ್ನು ಮತ್ತೆ ಕರೆಯಲು ಕಾರಣವಿರುತ್ತದೆ. ನನಗೆ ಅಂಥ ಪ್ರಶ್ನೆ, ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳಲ್ಲಿ ಸಿಕ್ಕಿತು.

ಕಲಿಕೆ ಶುರುವಾದದ್ದು ಊರೊಳಗೇ, ತುಂಗೆಯ ದಡದ ಶಿವಪ್ಪನಾಯಕನ ಅರಮನೆಯಲ್ಲಿ. ಅದು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಲ್ಲಿ ಕಲ್ಲುಗಳ ಮುಂದೆ ನಿಂತು ಮೊದಲು ಚಿತ್ರ ಓದಲು ಕಲಿತೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೊಳ್ ಕಲ್ಲು, ಅಂದರೆ ಕಳ್ಳರು ಹೊಡೆದುಕೊಂಡು ಹೋದ ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು. ಬಳೆ ತೊಟ್ಟ ತೋಳೊಂದು ಮೇಲೆದ್ದಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿರುತ್ತವೆ. ಹಳಗನ್ನಡ ಲಿಪಿಯ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲವಿಡೀ ತಿದ್ದಿದೆ. ಶಾಸನತಜ್ಞ ಬಿ. ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹ ಮಾಲೆಯ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದ್ದಾರೆ. ಅವು ಈಗ ಮೊಬೈಲಿನಲ್ಲೇ ಓದಲು ಸಿಗುತ್ತವೆ. ಶಿಕಾರಿಪುರ ಏಳರಲ್ಲಿದೆ, ಸೊರಬ, ಸಾಗರ, ತೀರ್ಥಹಳ್ಳಿ ಎಂಟರಲ್ಲಿವೆ.

ಪುಸ್ತಕದಲ್ಲಿರುವ ಕಲ್ಲನ್ನು ಹುಡುಕಿಕೊಂಡು ಹೋಗುವುದು ನಮ್ಮ ಪದ್ಧತಿ. ನಮ್ಮ ಎಂದೆ, ಏಕೆಂದರೆ ಬೇಗನೆ ಪಕ್ಕದ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು, ಅವರ ನಾದಿನಿ, ಬ್ಯಾಂಕಿನಲ್ಲಿದ್ದ ಹಿರಿಯರೊಬ್ಬರು ಜೊತೆಯಾದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಆದರೆ ಮಲೆನಾಡಿನ ಒಳಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು; ಅಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಇಳಿದ ಕೂಡಲೇ ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳುತ್ತೇವೆ.

ಕಲ್ಲಿನ ಹತ್ತಿರ ಆತುರ ಸಲ್ಲದು. ಮೊದಲು ಬರೀ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇವೆ. ಕಬ್ಬಿಣದ ಬ್ರಷ್ಷು, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಮುಟ್ಟಿಸುವುದಿಲ್ಲ. ನೆತ್ತಿಯ ಮೇಲೆ ಸೂರ್ಯನಿದ್ದಾಗ ಅಕ್ಷರ ಕಾಣುವುದು ಕಷ್ಟ. ಓರೆಬಿಸಿಲು ಬೀಳುವ ಬೆಳಿಗ್ಗೆ ಅಥವಾ ಸಂಜೆ ಒಳ್ಳೆಯದು. ನೆರಳಿನಲ್ಲಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿಯಬೇಕು. ಆಗ ತಗ್ಗಿನಲ್ಲಿ ನೆರಳು ತುಂಬಿ ‘ಸ್ವಸ್ತಿ ಶ್ರೀ’ ಮೇಲೆದ್ದು ಬರುತ್ತದೆ. ನಾಲ್ವರೂ ಒಂದೊಂದು ಸಾಲನ್ನು ಬೇರೆಬೇರೆಯಾಗಿ ಬರೆದುಕೊಂಡು ಆಮೇಲೆ ಹೋಲಿಸುತ್ತೇವೆ. ಜಗಳ ಬರುವುದು ಅಲ್ಲೇ, ಕಲಿಕೆಯೂ ಅಲ್ಲೇ.

ಅಷ್ಟರಲ್ಲಿ ಊರವರು ಬಂದಿರುತ್ತಾರೆ. ಸೊರಬದ ಕಡೆಯ ಒಂದು ಊರಿಗೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹೋಗಿದ್ದೆವು. ಕಲ್ಲಿನ ಪಕ್ಕದ ಮನೆಯ ಅಜ್ಜಿ, “ಬಿಸಿಲಲ್ಲಿ ಕಲ್ಲು ನೋಡುತ್ತಾ ಎಷ್ಟು ಹೊತ್ತು ಕೂರುತ್ತೀರಿ, ಒಳಗೆ ಬನ್ನಿ” ಎಂದು ಕರೆದು ಆಸರಿಗೆ ಬೆಲ್ಲ, ನೀರು ಕೊಟ್ಟರು. ಜಗುಲಿಯಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ನಾವೂ ಪಕ್ಕದಲ್ಲಿ ಕುಳಿತು ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬಿದೆವು. ಕೈ ಕೆಲಸದಲ್ಲಿದ್ದಾಗ ಮಾತು ಸಲೀಸು. ಆ ಕಲ್ಲಿಗೆ ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸುವುದು, ತೋಟದ ಆಚೆ ಇನ್ನೊಂದು ಕಲ್ಲು ಅರ್ಧ ಹೂತಿರುವುದು, ಎಲ್ಲ ಅಲ್ಲಿಯೇ ಗೊತ್ತಾಯಿತು.

ನಾವು ಓದಿದ ಕಲ್ಲಿನಲ್ಲಿ ಶಕ ವರ್ಷದ ಅಂಕಿಗಳು ಸವೆದಿದ್ದವು, ಸಂವತ್ಸರದ ಹೆಸರು ಸ್ಪಷ್ಟವಾಗಿತ್ತು. ನಮಗೆ ಪಂಚಾಂಗ ತೆರೆಯದೆ ಗತಿಯಿರಲಿಲ್ಲ. ಅಜ್ಜಿ ಪ್ರಭವ, ವಿಭವ, ಶುಕ್ಲ ಎಂದು ಶುರುಮಾಡಿ ಬೆರಳು ಮಡಿಸುತ್ತಾ ಅರವತ್ತು ಸಂವತ್ಸರಗಳ ಹೆಸರನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಶಾಲೆ ಕಾಣದ ಅವರ ಬಾಯಲ್ಲಿ ಕಾಲದ ಲೆಕ್ಕವೆಲ್ಲ ಹಾಗೆಯೇ ಉಳಿದಿತ್ತು. ಮನೆಯ ಮೊಮ್ಮಕ್ಕಳು ಮೊದಲ ಬಾರಿಗೆ ಅದನ್ನು ಕಿವಿಗೊಟ್ಟು ಕೇಳಿದರು. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಉದಾಹರಣೆಗೆ, ಶಕ 1100ಕ್ಕೆ ಶೇಷ 32, ಅಜ್ಜಿಯ ಎಣಿಕೆಯಲ್ಲಿ ಮೂವತ್ತೆರಡನೆಯದು ವಿಳಂಬಿ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿ.ಶ. 1178. ಈ ಲೆಕ್ಕವನ್ನು ಆ ಹುಡುಗರಿಗೆ ಕಲಿಸಿ ಬಂದೆವು. ಅಜ್ಜಿ ಈಗ ವಾರಕ್ಕೊಮ್ಮೆಯಾದರೂ ಮೊಮ್ಮಗನಿಂದ ಫೋನ್ ಮಾಡಿಸುತ್ತಾರೆ.

ಕಿವಿಯ ವಿಷಯ ಹೇಳದೆ ಮುಗಿಸಲಾರೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನನಗೆ ಮಾತು ಬಿಡಿಸಿ ಕೇಳುತ್ತಿರಲಿಲ್ಲ. ತಪಾಸಣೆ ಮಾಡಿಸಿ ಕಿವಿಗೆ ಮಷಿನ್ ಹಾಕಿಸಿಕೊಂಡೆ. ಜಗುಲಿಯ ಮಾತು ಮತ್ತೆ ನನ್ನದಾಯಿತು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ತಗ್ಗಿಸಬಹುದಾದ 14 ಅಪಾಯಗಳನ್ನು ಗುರುತಿಸಿದೆ. ಅದರಲ್ಲಿ ಶ್ರವಣದೋಷವೂ ಇದೆ, ಒಂಟಿತನದ ಬದುಕೂ ಇದೆ. ಕೇಳಿಸದವರು ಕೂಟ ಬಿಡುತ್ತಾರೆ, ಕೂಟ ಬಿಟ್ಟವರನ್ನು ಜನ ಕರೆಯುವುದನ್ನು ಬಿಡುತ್ತಾರೆ. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ ಎಂದು ನನ್ನ ವಯಸ್ಸಿನ ಎಲ್ಲರನ್ನೂ ಕೇಳುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿಗೆ ಪಾಚಿ, ಕಾಲಿಗೆ ಇಂಬಳ ಎಂಬ ಜಿಗಣೆ, ಆಗ ತಿರುಗಾಟವಿಲ್ಲ. ಆ ತಿಂಗಳುಗಳಲ್ಲಿ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ತೆಗೆದ ಫೋಟೊಗಳನ್ನು ದೊಡ್ಡದು ಮಾಡಿ ಓದುತ್ತೇವೆ. ಪುಸ್ತಕದಲ್ಲಿ ಇಲ್ಲದ ಕಲ್ಲು ಕಂಡರೆ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಬರೆಯುತ್ತೇವೆ. ಸದ್ಯಕ್ಕೆ ಒಂದು ಕಲ್ಲಿನಲ್ಲಿ ಶಕ ವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ಅಂತರ ಬರುತ್ತಿದೆ. ಕೆತ್ತಿದವನು ಮುಗಿದ ವರ್ಷಗಳ ಬದಲು ನಡೆಯುತ್ತಿರುವ ವರ್ಷವನ್ನೇ ಲೆಕ್ಕಕ್ಕೆ ಹಿಡಿದಿರಬೇಕು ಎಂದು ನನ್ನ ವಾದ. ಅಂಕಿಯನ್ನೇ ನಾವು ತಪ್ಪಾಗಿ ಓದಿದ್ದೇವೆ ಎಂದು ಶಿಕ್ಷಕಿಯವರು ಪಟ್ಟು ಹಿಡಿದಿದ್ದಾರೆ. ಮಳೆ ಬಿಟ್ಟ ಮೇಲೆ ಓರೆಬಿಸಿಲಿನಲ್ಲಿ ಇನ್ನೊಮ್ಮೆ ನೋಡಬೇಕು. ಹಿಂದಿನ ಸಂಜೆಯೇ ಬಂದು ಮನೆಯಲ್ಲಿ ಉಳಿಯಿರಿ, ಬೆಳಗಿನ ಬಿಸಿಲು ತಪ್ಪಬಾರದು ಎಂದು ಆ ಊರಿನವರು ಹೇಳಿಕಳುಹಿಸಿದ್ದಾರೆ.