ಹಳೇ ಹುಲ್ಲು ಕೊಯ್ಯುವ ಮಷೀನು: ಬ್ಲೇಡ್ ಬದಲಿಸುವ ಮುಂಚೆ ಇಷ್ಟು ನೋಡಿ

ನಮ್ಮ ಕೊಟ್ಟಿಗೆಯಲ್ಲಿರುವುದು ಜಾನ್ ಡಿಯರ್ ನಂಬರ್ 5, ಟ್ರ್ಯಾಕ್ಟರಿಗೆ ಸಿಕ್ಕಿಸಿ ಓಡಿಸುವ ಮಷೀನು. ಹುಲ್ಲು ಕತ್ತರಿಸುವ ಉದ್ದನೆಯ ಬಾರು (ಕಟರ್ ಬಾರ್) ಏಳು ಅಡಿ; ತಿರುಗುವ ಫ್ಲೈವೀಲಿನಿಂದ ಚಾಕುವನ್ನು ಆಡಿಸುವ ಕೋಲು, ಅಂದರೆ ಪಿಟ್‌ಮನ್, ಮರದ್ದು. ಪೆನ್ಸಿಲ್ವೇನಿಯಾದ ಈ ಕಡೆ ಇಂಥವು ಇನ್ನೂ ಸಿಗುತ್ತವೆ. ಕೊಂಡವರು ಮೊದಲು ಮಾಡುವ ಕೆಲಸ ಹೊಸ ಬ್ಲೇಡ್ ತರಿಸುವುದು. ಸ್ವಲ್ಪ ತಡೀರಿ. ಹುಲ್ಲು ಕತ್ತರಿಸದೆ ಬರೀ ಬಗ್ಗಿಸಿಕೊಂಡು ಹೋಗುತ್ತಿದ್ದರೆ, ಹೆಚ್ಚಾಗಿ ಕೆಟ್ಟಿರುವುದು ಹರಿತ ಅಲ್ಲ, ಜೋಡಣೆ.

ಇದು ಕತ್ತರಿಯ ಹಾಗೇ. ತ್ರಿಕೋನದ ಬ್ಲೇಡುಗಳು, ಅಂದರೆ ಸೆಕ್ಷನ್‌ಗಳು, ಒಂದು ಪಟ್ಟಿಯ ಮೇಲೆ ಕೂತು ಆ ಕಡೆ ಈ ಕಡೆ ಓಡಾಡುತ್ತವೆ; ಪಟ್ಟಿ, ಸೆಕ್ಷನ್ ಎಲ್ಲ ಸೇರಿ ಚಾಕು. ಕೆಳಗೆ, ಬೆರಳಿನ ಹಾಗೆ ಮುಂದೆ ಚಾಚಿರುವ ಗಾರ್ಡಿನೊಳಗೆ, ಲೆಡ್ಜರ್ ಪ್ಲೇಟ್ ಎಂಬ ಕತ್ತರಿಸುವ ತಗಡು ಅಲ್ಲಾಡದೆ ಇರುತ್ತದೆ. ಎರಡರ ನಡುವೆ ಸಂದು ಬಿತ್ತೋ, ಹುಲ್ಲು ಮಡಚಿಕೊಂಡು ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ 1833ರಲ್ಲಿ ಓಬೆಡ್ ಹಸ್ಸಿ, 1834ರಲ್ಲಿ ಸೈರಸ್ ಮೆಕಾರ್ಮಿಕ್ ಪೇಟೆಂಟ್ ಪಡೆದ ಕೊಯ್ಲು ಯಂತ್ರಗಳಲ್ಲೂ ಹೀಗೆ ಓಡಾಡುವ ಚಾಕುವೇ ಇತ್ತು. ಹಾಗಾಗಿ ಬೇರೆ ಕಂಪನಿಯದಾದರೂ, ಊರಲ್ಲಿ ಭತ್ತ ಕೊಯ್ಯುವ ರೀಪರ್ ಆದರೂ, ನೋಡುವ ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು ಎಂಜಿನ್ ಆಫ್, ಕೀ ಜೇಬಿಗೆ, ಟ್ರ್ಯಾಕ್ಟರಿನಿಂದ ಮಷೀನಿಗೆ ಶಕ್ತಿ ಕೊಡುವ ಪಿಟಿಓ ಶಾಫ್ಟ್ ಕಳಚಿಡಿ. ಚರ್ಮದ ಗ್ಲೌಸ್ ಹಾಕಿ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿದರೂ ಬೆರಳು ಹೋಗಬಹುದು.

ಗಾರ್ಡಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಬಾರಿನ ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಕಲ್ಲಿಗೆ ಬಡಿದ ಗಾರ್ಡು ಸಾಲು ಬಿಟ್ಟಿರುತ್ತದೆ. ಅದರ ದಪ್ಪ ಭಾಗಕ್ಕೆ ಸುತ್ತಿಗೆಯಿಂದ ಹೊಡೆದು ಸರಿ ಮಾಡಿ. ಒಂದೇ ಸಾಲಿನಲ್ಲಿರಬೇಕಾದ್ದು ಮೂತಿಗಳಲ್ಲ, ಒಳಗಿನ ಲೆಡ್ಜರ್ ಪ್ಲೇಟುಗಳು.

ಆಮೇಲೆ ಚಾಕುವನ್ನು ಒತ್ತಿ ಹಿಡಿಯುವ ಕ್ಲಿಪ್ಪುಗಳು. ಪಕ್ಕದ ಹೊಲದ ಅಜ್ಜ ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಕ್ಲಿಪ್ಪಿನಡಿ ತೂರಿಸಿ ತೋರಿಸಿದರು: ಸಂದು ಅಷ್ಟೇ ಇರಬೇಕು. ಜಾಸ್ತಿ ಇದ್ದರೆ ಚಾಕು ಹೊರಗೆಳೆದು, ಕ್ಲಿಪ್ಪಿನ ಮೂತಿಗೆ ಮೆಲ್ಲಗೆ ತಟ್ಟಿ, ಮತ್ತೆ ತೂರಿಸಿ ನೋಡಿ. ಬಿಗಿ ಜಾಸ್ತಿಯಾಯಿತಾ? ಎರಡು ಬೋಲ್ಟುಗಳ ನಡುವೆ ತಟ್ಟಿದರೆ ಮೂತಿ ಮೇಲೇಳುತ್ತದೆ. ಬೇಜಾರಿನ ಕೆಲಸ, ಆದರೆ ಮಷೀನು ಬದಲಾಗುವುದು ಇಲ್ಲೇ.

ಈಗ ಫ್ಲೈವೀಲ್ ತಿರುಗಿಸಿ ಚಾಕುವನ್ನು ಒಂದು ಕೊನೆಗೆ ತನ್ನಿ. ಪ್ರತಿ ಸೆಕ್ಷನಿನ ನಡುಭಾಗ ಗಾರ್ಡಿನ ನಡುವಿಗೆ ನೇರ ಬರಬೇಕು. ಇನ್ನೊಂದು ಕೊನೆಯಲ್ಲೂ ಅಷ್ಟೇ. ಒಂದು ಕಡೆ ದಾಟಿ ಇನ್ನೊಂದು ಕಡೆ ಕಮ್ಮಿಯಾದರೆ ಬಾರನ್ನು ಒಳಕ್ಕೋ ಹೊರಕ್ಕೋ ಸರಿಸಿ, ಎರಡೂ ಕಡೆ ಸಮ ಮಾಡಿ.

ಇನ್ನು ಲೀಡ್, ಅಂದರೆ ಬಾರಿನ ಹೊರತುದಿ ಎಷ್ಟು ಮುಂದಿರಬೇಕು ಅನ್ನುವುದು. ಓಡುವಾಗ ಹುಲ್ಲಿನ ಒತ್ತಡಕ್ಕೆ ಬಾರಿನ ಹೊರತುದಿ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ನಿಂತಿರುವಾಗ ಅದು ಒಳತುದಿಗಿಂತ ಮುಂದಿರಬೇಕು, ಅಡಿಗೆ ಕಾಲು ಇಂಚಿನ ಲೆಕ್ಕ. ಏಳಡಿಗೆ ಒಂದೂ ಮುಕ್ಕಾಲು. ಪಿಟ್‌ಮನ್ನಿನ ನೇರಕ್ಕೆ ದಾರ ಎಳೆದು, ಹೊರತುದಿಯನ್ನು ಕೈಯಿಂದ ಹಿಂದಕ್ಕೆ ಒತ್ತಿ ಹಿಡಿದು ಅಳೆಯಿರಿ. ಇದು ತಪ್ಪಿದರೆ ಚಾಕುವಿನ ತಲೆಯೋ ಮರದ ಪಿಟ್‌ಮನ್ನೋ ಮುರಿಯುತ್ತಲೇ ಇರುತ್ತದೆ.

ಇಷ್ಟಾದ ಮೇಲೂ ಮೊಂಡಾದ ಸೆಕ್ಷನ್ ಇದ್ದರೆ ಬದಲಿಸಿ. ರಿವೆಟ್ ಕೊರೆಯುತ್ತಾ ಕೂರಬೇಡಿ. ಪಟ್ಟಿಯನ್ನು ವೈಸಿನ ಮೇಲೆ ನಿಲ್ಲಿಸಿ ಸೆಕ್ಷನಿನ ಹಿಂಬದಿ ಅಂಚಿಗೆ ಜೋರಾಗಿ ಹೊಡೆದರೆ ರಿವೆಟ್ಟುಗಳು ಕತ್ತರಿಸಿ ಹೋಗುತ್ತವೆ.

ಎಣ್ಣೆ ಬಿಟ್ಟು, ಅರ್ಧ ಗಂಟೆ ಕೊಯ್ದು, ಎಲ್ಲ ಆಫ್ ಮಾಡಿ ಕ್ಲಿಪ್ಪುಗಳನ್ನು ಮುಟ್ಟಿ ನೋಡಿ. ಯಾವುದು ಸುಡುತ್ತದೋ ಅದು ಬಿಗಿ ಜಾಸ್ತಿ.