ಆರ್‌ಎಕ್ಸ್ 100ರ ಹಿಂಚಕ್ರ ನೆಲ ಬಿಡದಂತಾದದ್ದು

ತಂದೆಯವರು 1991ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100 ಇವತ್ತಿಗೂ ನನ್ನ ದಿನನಿತ್ಯದ ಗಾಡಿ. ಆಲ್ದೂರಿನ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರು, ಅಂದರೆ ಲೆಕ್ಕಪತ್ರ ಬರೆಯುವವನು. ಕೆಲಸಗಾರರ ಲೈನ್ ಮನೆಗಳಿಂದ ಕಣಕ್ಕೆ, ಕಣದಿಂದ ತೋಟದ ಆಚೆ ತುದಿಗೆ ಮಣ್ಣುದಾರಿ. ವಾರಕ್ಕೆರಡು ಸಲ ಬ್ಯಾಂಕು, ಗೊಬ್ಬರದ ಅಂಗಡಿ ಎಂದು ಚಿಕ್ಕಮಗಳೂರಿಗೆ ಡಾಂಬರು ದಾರಿ. ಆ 98 ಸಿಸಿ ಎಂಜಿನ್ನನ್ನು ಹೊಗಳುವವರಿಗೆ ಬರವಿಲ್ಲ. ನಾನು ಹೇಳಹೊರಟಿರುವುದು ಗಾಡಿಯ ಹಿಂಬದಿಯ ವಿಷಯ.

ಹಳೆಯ ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು. ಸೀಟನ್ನು ಅಂಗೈಯಿಂದ ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು. ನನ್ನದು ಮೂರು ಸಲ ಕುಪ್ಪಳಿಸುತ್ತಿತ್ತು. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಅದರ ಕುಣಿತವನ್ನು ತಡೆಯುವುದು ಒಳಗಿನ ಎಣ್ಣೆ, ಸಣ್ಣ ರಂಧ್ರಗಳ ಮೂಲಕ ನುಸುಳುತ್ತಾ. ಎಣ್ಣೆ ಹೋದ ಮೇಲೆ ಉಳಿಯುವುದು ಬರೀ ಸ್ಪ್ರಿಂಗು.

ಇಲ್ಲಿ ನಾನು ತಪ್ಪಿದೆ. ಹಿಂದೆ ಹೆಂಡತಿ ಕೂರುತ್ತಾಳೆ, ಕೆಲವೊಮ್ಮೆ ಟ್ಯಾಂಕಿನ ಮೇಲೆ ಅಕ್ಕಿ ಚೀಲವೂ ಇರುತ್ತದೆ. ಗಟ್ಟಿಯಾದದ್ದೇ ಬೇಕು ಎಂದುಕೊಂಡು ದಪ್ಪ ಸ್ಪ್ರಿಂಗಿನ, ಮೂಲಕ್ಕಿಂತ 15 ಮಿ.ಮೀ. ಉದ್ದದ ಜೋಡಿಯೊಂದನ್ನು ಬೆಂಗಳೂರಿನಿಂದ ತರಿಸಿ ಹಾಕಿಸಿದೆ. ನೋಡಲು ಚೆನ್ನಾಗಿತ್ತು. ಆದರೆ ಮೊದಲ ದಿನವೇ ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಬೀಳುವಷ್ಟು ವಾಲಿತು, ನಡುವಿನ ಸ್ಟ್ಯಾಂಡ್ ಹಾಕಿದರೆ ಹಿಂಚಕ್ರ ನೆಲಕ್ಕೆ ತಾಗುತ್ತಿತ್ತು. ಹಿಂಭಾಗ ಎತ್ತರವಾದಾಗ ಮುಂದಿನ ಫೋರ್ಕು ನೆಟ್ಟಗಾಗುತ್ತದೆ, ಹ್ಯಾಂಡಲ್ ಬೇಕಾದ್ದಕ್ಕಿಂತ ಚುರುಕಾಗುತ್ತದೆ. ಕೆಮ್ಮಣ್ಣಿನ ಇಳಿಜಾರಿನಲ್ಲಿ ಆ ಚುರುಕುತನ ಯಾರಿಗೂ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ತಿರುವಿನಲ್ಲಿ ಸಣ್ಣ ಗುಂಡಿ ಸಿಕ್ಕರೂ ಹಿಂಚಕ್ರ ನೆಲ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದದ್ದು.

ಯಾಕೆ ಹೀಗೆ ಎಂದು ತಿಳಿದದ್ದು ಅಳತೆಪಟ್ಟಿ ಹಿಡಿದಾಗ. ಸ್ಟ್ಯಾಂಡಿನ ಕೆಳಗೆ ಹಲಗೆ ಕೊಟ್ಟು ಚಕ್ರವನ್ನು ಗಾಳಿಯಲ್ಲಿ ತೂಗುಬಿಟ್ಟೆ. ಆಕ್ಸಲ್ ನಟ್ಟಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಡುವಿನ ದೂರ ಬರೆದುಕೊಂಡೆ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ ನಾನು ಮೇಲೆ ಕೂತೆ, ಮಗ ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆದ. ವ್ಯತ್ಯಾಸ ಕೇವಲ 9 ಮಿ.ಮೀ. ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಓಡಾಡಬಲ್ಲದೋ ಅದರ ಮೂರನೇ ಒಂದು ಪಾಲಿನ ಆಸುಪಾಸು ಸವಾರನ ಭಾರಕ್ಕೇ ಕುಸಿಯಬೇಕು. ಹಾಗೆ ಕುಸಿದಿದ್ದರೆ ತಾನೇ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯುವುದು? ಶಾಕ್ ಮೇಲಿನ ಹಲ್ಲಿನ ಉಂಗುರವನ್ನು ಸಡಿಲಿಸಿದೆ, ಪ್ರಯೋಜನವಾಗಲಿಲ್ಲ. ಆ ಉಂಗುರ ಗಾಡಿಯನ್ನು ಏರಿಸಿ ಇಳಿಸುತ್ತದೆಯೇ ಹೊರತು ಸ್ಪ್ರಿಂಗಿನ ಬಿಗುವನ್ನು ಬದಲಿಸುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ಅದನ್ನು ಕೊನೆಯ ಹಲ್ಲಿಗೆ ತಿರುಗಿಸಿ ಬಿಟ್ಟಿರುತ್ತಾರೆ.

ಊರಿನ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. "ರೈಟರೇ, ಶಾಕ್ ಆಮೇಲೆ ನೋಡೋಣ. ಮೊದಲು ಚಕ್ರ ಹಿಡಿದು ಅಲುಗಾಡಿಸಿ" ಎಂದರು. ಎರಡೂ ಕೈಯಲ್ಲಿ ಟೈರು ಹಿಡಿದು ಎಡಕ್ಕೂ ಬಲಕ್ಕೂ ಎಳೆದೆ. ಟಕ್ ಟಕ್ ಎಂದಿತು. ಶಬ್ದ ಚಕ್ರದ ಬೇರಿಂಗಿನಿಂದಲ್ಲ, ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ಕವಲು ಚಾಸಿಗೆ ಸೇರುವ ಜಾಗದಿಂದ ಬರುತ್ತಿತ್ತು. ಅಲ್ಲಿನ ಕೀಲಾದ ಪಿವಟ್ ಬೋಲ್ಟು ತುಕ್ಕು ಹಿಡಿದು ಕೂತುಬಿಟ್ಟಿತ್ತು. ರಾತ್ರಿಯಿಡೀ ಡೀಸೆಲ್ ಬಿಟ್ಟು, ಬೆಳಿಗ್ಗೆ ಮರದ ತುಂಡನ್ನು ಅಡ್ಡ ಕೊಟ್ಟು ಬಡಿದಾಗ ಹೊರಬಂತು. ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆಗಳಾದ ಬುಷ್‌ಗಳನ್ನು ಬೆಳಕಿಗೆ ಹಿಡಿದು ನೋಡಿದೆ: ದುಂಡಗಿರಬೇಕಾದ ರಂಧ್ರ ಒಂದು ಬದಿ ಸವೆದು ಮೊಟ್ಟೆಯಾಕಾರವಾಗಿತ್ತು. ಬುಷ್ ಹೀಗಿರುವಾಗ ಯಾವ ಶಾಕ್ ಹಾಕಿದರೂ ಚಕ್ರ ನೇರ ಓಡುವುದಿಲ್ಲ. ಹಣ ಕಡಿಮೆ ಇರುವವರು ಬೇರೆಲ್ಲವನ್ನೂ ಬಿಟ್ಟು ಇದೊಂದನ್ನು ಮೊದಲು ಮಾಡಿಸಿ.

ಇದೇ ಹೊತ್ತಿಗೆ ಚಾಸಿ ಕತ್ತರಿಸಿ ವೆಲ್ಡ್ ಮಾಡಿ, ಎರಡು ಶಾಕ್ ಬದಲು ನಡುವೆ ಒಂದೇ ಇರುವ ಮೋನೋಶಾಕ್ ಕೂರಿಸಿಕೊಡುತ್ತೇವೆ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಹಿಂದಿನ ಎರಡು ಮೂಲೆಗಳಲ್ಲಿ ಹಂಚಿ ಹೊರಲೆಂದು ಮಾಡಿದ ಭಾರವನ್ನು ತೆಳು ಕೊಳವೆಯ ಒಂದೇ ಜಾಗಕ್ಕೆ ಹೇರುವುದು, ಅದೂ ಮೂವತ್ತು ದಾಟಿದ ಚಾಸಿಗೆ, ನನ್ನ ಮನಸ್ಸಿಗೆ ಬರಲಿಲ್ಲ. ಕಾನೂನಿನ ತೊಡಕು ಬೇರೆ. ಹೊಸ ಬುಷ್, ಹೊಸ ಗ್ರೀಸು, ಮೇಲಿನ ರಂಧ್ರದ ನಡುವಿನಿಂದ ಕೆಳಗಿನದರ ನಡುವಿಗೆ ಅಳೆದು ತಂದ ಮೂಲ ಉದ್ದದ ಶಾಕ್ ಜೋಡಿ, ಇಷ್ಟೇ ಹಾಕಿಸಿದೆ. ಮತ್ತೆ ಅಳೆದಾಗ 27 ಮಿ.ಮೀ. ಕುಸಿದಿತ್ತು.

ಇನ್ನು ಟೈರು. ಹಳೆಯದರ ಗೆರೆ ಇನ್ನೂ ಆಳವಾಗಿಯೇ ಇತ್ತು, ಆದ್ದರಿಂದ ಅದು ಚೆನ್ನಾಗಿದೆ ಎಂದು ನಂಬಿದ್ದೆ. ಪಕ್ಕದ ಗೋಡೆ ಒರೆಸಿ ನೋಡಿದರೆ ಅಂಡಾಕಾರದ ಚೌಕಟ್ಟಿನಲ್ಲಿ 2313 ಎಂದಿತ್ತು: 2013ರ 23ನೆಯ ವಾರ ತಯಾರಾದದ್ದು. ಉಗುರು ಊರಿದರೆ ಗುರುತೇ ಬೀಳದಷ್ಟು ರಬ್ಬರು ಕಲ್ಲಾಗಿತ್ತು. ಒದ್ದೆ ರಸ್ತೆಯಲ್ಲಿ ಗೆರೆಯ ಆಳವೊಂದೇ ಕಾಪಾಡುವುದಿಲ್ಲ.

ಮೂಲ ಅಳತೆ ಹಿಂದೆ 2.75-18, ಅಂದರೆ 2.75 ಇಂಚು ಅಗಲ, 18 ಇಂಚಿನ ರಿಮ್ಮು. ತುಂಬಾ ಜನ 90 ಮಿ.ಮೀ. ಅಗಲದ 90/90-18 ಹಾಕಿ ಎಂದರು. ನನ್ನ ರಿಮ್ಮಿನ ಅಗಲ 1.60 ಇಂಚು, ಅದಕ್ಕೆ ಅಷ್ಟು ದಪ್ಪ ಟೈರು ಹಾಕಿದರೆ ಅಂಚುಗಳು ಒಳಕ್ಕೆ ಹಿಸುಕಿಕೊಂಡು ಮೇಲ್ಭಾಗ ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗ ಹೆಚ್ಚುವುದಿಲ್ಲ. ಹಾಗಾಗಿ 3.00-18ಕ್ಕೆ ನಿಂತೆ. ಅಗಲ ಸುಮಾರು 6 ಮಿ.ಮೀ. ಹೆಚ್ಚು, ಅಷ್ಟೆ. ಚೈನ್ ಕವರಿಗೂ ಹಿಂಬ್ರೇಕನ್ನು ಹಿಡಿದಿಡುವ ಟಾರ್ಕ್ ರಾಡಿಗೂ ಟೈರಿಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಗಬೇಕು ಎಂಬುದು ನನ್ನ ಲೆಕ್ಕ. ನಮ್ಮ ಮಳೆಗಾಲದಲ್ಲಿ ಆ ಸಂದಿಗೆ ಅಂಟುಮಣ್ಣು ತುಂಬಿದರೆ ಚಕ್ರವೇ ನಿಲ್ಲುತ್ತದೆ. ಮೀಟರಿನ ಕೇಬಲ್ ಮುಂಚಕ್ರದಿಂದ ಬರುವುದರಿಂದ ವೇಗದ ಮುಳ್ಳಿಗೆ ತೊಂದರೆಯಿಲ್ಲ. ಆದರೆ ಟೈರಿನ ಸುತ್ತಳತೆ ಹೆಚ್ಚಿದ್ದರಿಂದ ಏರಿನಲ್ಲಿ ಎಳೆತ ತುಸು ತಗ್ಗಿತು.

ಒಬ್ಬನೇ ಇದ್ದಾಗ ಹಿಂದೆ 28 ಪೌಂಡು ಗಾಳಿ, ಇಬ್ಬರಿದ್ದರೆ 32. ಹೋದ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಬಾಬಾಬುಡನ್‌ಗಿರಿಯ ದಾರಿಯಲ್ಲಿ ಕೈಮರದಿಂದ ಅತ್ತಿಗುಂಡಿಗೆ ಹತ್ತಿದೆ. ಬೆಳಗಿನ ಮಂಜಿಗೆ ರಸ್ತೆ ತೇವವಾಗಿತ್ತು. ಡಾಂಬರು ಕಿತ್ತುಹೋದ ತಿರುವೊಂದರಲ್ಲಿ ಹಿಂಚಕ್ರ ಗುಂಡಿಗೆ ಇಳಿಯಿತು, ಎದ್ದಿತು, ಪಕ್ಕಕ್ಕೆ ಸರಿಯಲಿಲ್ಲ. ಮೊದಲು ಇಂಥ ಕಡೆ ನನ್ನ ಭುಜವನ್ನು ಬಿಗಿಯಾಗಿ ಹಿಡಿಯುತ್ತಿದ್ದವಳು ಈ ಸಲ ಕೆಳಗಿನ ಕಣಿವೆ ನೋಡುತ್ತಾ ಕೂತಿದ್ದಳು. ಮಳೆ ಹಿಡಿಯುವ ಮೊದಲು ಪಿವಟ್ ಬೋಲ್ಟನ್ನು ಇನ್ನೊಮ್ಮೆ ಬಿಚ್ಚಿ ಗ್ರೀಸು ಹಚ್ಚಬೇಕು.