ಐದು ಇನ್ನಿಂಗ್ಸ್ ಎಲ್ಲಿ ಹೋಯಿತು? ನೋಲನ್ ರಯಾನ್ ಲೆಕ್ಕ ಕೂಡಿದ ನನ್ನ ಅನುಭವ

ಎಕ್ಸೆಲ್ ಶೀಟಿನ ಕೊನೆಯ ಸಾಲಿನಲ್ಲಿ 5381.1 ಅಂತ ಬಂತು. ದಾಖಲೆಯಲ್ಲಿರುವುದು 5,386. ಇಪ್ಪತ್ತೇಳು ಸೀಸನ್‌ಗಳ ಅಂಕಿಯನ್ನು ಒಂದೊಂದಾಗಿ ನಾನೇ ಟೈಪ್ ಮಾಡಿದ್ದೆ. ಮತ್ತೆ ಮೇಲಿನಿಂದ ಕೆಳಗಿನವರೆಗೆ ಪರದೆಯ ಮೇಲೆ ಬೆರಳಿಟ್ಟುಕೊಂಡು ನೋಡಿದೆ. ಒಂದೂ ತಪ್ಪಿರಲಿಲ್ಲ. ಆದರೂ ಹತ್ತಿರ ಹತ್ತಿರ ಐದು ಇನ್ನಿಂಗ್ಸ್ ಕಾಣೆ.

ನಾನು ಕೂಡುತ್ತಿದ್ದುದು ನೋಲನ್ ರಯಾನ್ ಎಂಬ ಬೇಸ್‌ಬಾಲ್ ಪಿಚರ್ ಅವರ ಪೂರ್ತಿ ಲೆಕ್ಕ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿ ಶುರು ಮಾಡಿ, 1993ರಲ್ಲಿ ನಲವತ್ತಾರನೇ ವಯಸ್ಸಿನಲ್ಲಿ ಟೆಕ್ಸಸ್ ರೇಂಜರ್ಸ್ ತಂಡದಲ್ಲಿ ಮುಗಿಸಿದರು. ಬ್ಯಾಟರ್‌ಗೆ ಸರಿಯಾಗಿ ಹೊಡೆಯಲಾಗದ ಮೂರು ಎಸೆತ ಹಾಕಿ ಪಿಚರ್ ಅವನನ್ನು ಔಟ್ ಮಾಡಿದರೆ ಅದಕ್ಕೆ ಸ್ಟ್ರೈಕ್‌ಔಟ್ ಅಂತಾರೆ. ರಯಾನ್ ಅವರದು ಒಟ್ಟು 5,714 ಸ್ಟ್ರೈಕ್‌ಔಟ್. ಎರಡನೇ ಸ್ಥಾನದಲ್ಲಿರುವ ರ‍್ಯಾಂಡಿ ಜಾನ್ಸನ್ ಅವರದು 4,875. ನಡುವಿನ ಅಂತರ ನೋಡಿ.

ನಾನಿರುವುದು ಟೆಕ್ಸಸ್‌ನ ಅರ್ವಿಂಗ್‌ನಲ್ಲಿ. ರೇಂಜರ್ಸ್ ಆಡುವ ಆರ್ಲಿಂಗ್ಟನ್ ಇಲ್ಲಿಂದ ದೂರವೇನಲ್ಲ. ಈ ಊರಿನಲ್ಲಿ ರಯಾನ್ ಹೆಸರಿಗೆ ಬೇರೆಯದೇ ತೂಕ. ಆಫೀಸಿನಲ್ಲಿ ಇಬ್ಬರು ಹಿರಿಯರು ಊಟದ ಹೊತ್ತಿಗೆ ಅವರ ವಿಷಯಕ್ಕೇ ಜಗಳ ಆಡುತ್ತಿದ್ದರು. ಅವರಂಥ ಪಿಚರ್ ಹುಟ್ಟೇ ಇಲ್ಲ ಅಂತ ಒಬ್ಬರು. 292 ಪಂದ್ಯ ಸೋತವರನ್ನು ಹೇಗೆ ಎಲ್ಲರಿಗಿಂತ ಮೇಲೆ ಕೂರಿಸುತ್ತೀರಿ ಅಂತ ಇನ್ನೊಬ್ಬರು. ಇಬ್ಬರ ಬಾಯಲ್ಲೂ ಸರಿಯಾದ ಅಂಕಿಗಳೇ ಇದ್ದವು. ರಯಾನ್ ಗೆದ್ದದ್ದು 324, ಸೋತದ್ದು 292. ಸೋಲಿನ ಪಟ್ಟಿಯಲ್ಲಿ ಅವರು ಇಡೀ ಇತಿಹಾಸದಲ್ಲೇ ಮೂರನೆಯವರು. ಕೇಳಿ ಕೇಳಿ, ನಾನೇ ಕೂತು ತಾಳೆ ನೋಡೋಣ ಅನ್ನಿಸಿತು.

ತಾಳೆ ನೋಡುವ ಅಭ್ಯಾಸ ಹಳೆಯದು. ಬೆಂಗಳೂರಿನಲ್ಲಿ ನನ್ನ ಅಣ್ಣ ಲೀಗ್ ಕ್ರಿಕೆಟ್ ಆಡುತ್ತಿದ್ದ. ಅವನ ಕ್ಲಬ್ಬಿಗೆ ನಾಲ್ಕು ವರ್ಷ ನಾನೇ ಸ್ಕೋರ್ ಬರೆದೆ. ಚೂಪಾಗಿ ಕೆತ್ತಿದ ಎರಡು ಪೆನ್ಸಿಲ್, ಒಂದು ರಬ್ಬರ್, ಉದ್ದದ ಸ್ಕೋರ್ ಪುಸ್ತಕ. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಕ್ಸ್‌ಟ್ರಾ ಸೇರಿಸಿದರೆ ಬರುವ ಮೊತ್ತ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿದರೆ ಬರುವ ಮೊತ್ತ, ಎರಡೂ ಒಂದೇ ಆಗಬೇಕು. ಆಗದಿದ್ದರೆ ಎದುರು ತಂಡದ ಸ್ಕೋರರ್ ಜೊತೆ ಕೂತು ಓವರ್ ಓವರ್ ಹಿಂದಕ್ಕೆ ಹೋಗಬೇಕು. ಒಂದು ರನ್ ಸಿಗೋವರೆಗೆ ಏಳುವ ಹಾಗಿಲ್ಲ.

ಇಲ್ಲಿ ಬಂದ ಮೇಲೆ ಒಂದು ವಿಷಯ ತಿಳಿದು ತುಂಬ ಖುಷಿಯಾಗಿತ್ತು. ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಲೆಕ್ಕವನ್ನು ಒಂದು ಸಣ್ಣ ಪಟ್ಟಿಯಲ್ಲಿ ಹಿಡಿಸುವ ಕ್ರಮವನ್ನು ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಸ್ಟ್ರೈಕ್‌ಔಟ್‌ಗೆ ಇಂದಿಗೂ ಬರೆಯುವ ‘ಕೆ’ ಅಕ್ಷರವೂ ಅವರ ಕಾಲದ್ದೇ. ಹಾಗಾಗಿ ಈ ಅಂಕಿಗಳ ಮುಂದೆ ನನಗೆ ಪರಕೀಯತೆ ಅನ್ನಿಸಲಿಲ್ಲ.

ಈಗ ಕಾಣೆಯಾದ ಆ ಐದು ಇನ್ನಿಂಗ್ಸ್‌ಗೆ ಬರುತ್ತೇನೆ. ಬೇಸ್‌ಬಾಲ್‌ನಲ್ಲಿ ಒಂದು ತಂಡದ ಒಂದು ಇನ್ನಿಂಗ್ಸ್ ಅಂದರೆ ಮೂರು ಔಟ್. ಪಿಚರ್ ಮಧ್ಯದಲ್ಲೇ ಹೊರಗೆ ಹೋದರೆ ಎಷ್ಟು ಔಟ್ ಆಗಿತ್ತೋ ಅದನ್ನು ಚುಕ್ಕಿ ಇಟ್ಟು ಬರೆಯುತ್ತಾರೆ. 6.2 ಅಂದರೆ ಆರು ಇನ್ನಿಂಗ್ಸ್, ಎರಡು ಔಟ್. ಅದು ದಶಾಂಶವೇ ಅಲ್ಲ. ಓವರ್ ಬರೆಯುವಾಗ 6.3 ಅಂದರೆ ಆರು ಓವರ್ ಮೂರು ಬಾಲ್ ಅಲ್ವಾ, ಥೇಟ್ ಹಾಗೇ. ವರ್ಷಗಟ್ಟಲೆ ಓವರ್ ಬರೆದ ನನಗೇ ಅದು ಹೊಳೆಯದೆ ಹೋಯಿತು ಅಂತ ಬೇಜಾರಾಯಿತು. ಎಕ್ಸೆಲ್‌ಗೆ ಇದು ಗೊತ್ತಿಲ್ಲ. ಅದು 6.2 ಮತ್ತು 6.2 ಕೂಡಿ 12.4 ಅನ್ನುತ್ತದೆ. ಸರಿಯಾದ ಉತ್ತರ 13.1.

ಶೀಟಿನಲ್ಲಿ ಇನ್ನಿಂಗ್ಸ್ ಕಾಲಂ ಒಡೆದು ಎರಡು ಮಾಡಿದೆ. ಒಂದರಲ್ಲಿ ಪೂರ್ತಿ ಇನ್ನಿಂಗ್ಸ್, ಇನ್ನೊಂದರಲ್ಲಿ ಉಳಿದ ಔಟ್. 1974ರಲ್ಲಿ 332 ಮತ್ತು 2. 1976ರಲ್ಲಿ 284 ಮತ್ತು 1. 1989ರಲ್ಲಿ 239 ಮತ್ತು 1. ಹೀಗೆ. ಕೂಡಿದರೆ ಪೂರ್ತಿ ಇನ್ನಿಂಗ್ಸ್ 5,379, ಬಿಡಿ ಔಟ್ 21. ಇಪ್ಪತ್ತೊಂದು ಔಟ್ ಅಂದರೆ ಏಳು ಇನ್ನಿಂಗ್ಸ್. 5,379ಕ್ಕೆ ಏಳು ಸೇರಿದರೆ 5,386. ಎಕ್ಸೆಲ್ ಆ ಏಳನ್ನು 2.1 ಅಂತ ಎಣಿಸಿತ್ತು. ತಾಳೆಯಾದಾಗ ರಾತ್ರಿ ಹನ್ನೊಂದೂವರೆ. ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆಮೇಲಿಂದ ನಾನು ಎಲ್ಲವನ್ನೂ ಔಟ್‌ನಲ್ಲೇ ಎಣಿಸುತ್ತೇನೆ. ರಯಾನ್ ತೆಗೆದದ್ದು ಒಟ್ಟು 16,158 ಔಟ್. ಸಣ್ಣ ಲೆಕ್ಕದಲ್ಲಿ ಈ ತಪ್ಪು ಇನ್ನೂ ಬೇಗ ಕಾಣುತ್ತದೆ. ಜೇಕಬ್ ಡಿಗ್ರಾಮ್ ಎಂಬ ಪಿಚರ್ 2023ರಲ್ಲಿ ರೇಂಜರ್ಸ್‌ಗೆ ಬಂದು ಆರೇ ಪಂದ್ಯ ಆಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಆ ವರ್ಷ ಅವರದು 30.1 ಇನ್ನಿಂಗ್ಸ್, 9 ಅರ್ನ್ಡ್ ರನ್, ಅಂದರೆ ಪಿಚರ್ ಲೆಕ್ಕಕ್ಕೇ ಸೇರುವ ರನ್. 30.1 ಅಂತಲೇ ಇಟ್ಟು ಭಾಗಿಸಿದರೆ ಇ.ಆರ್.ಎ., ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ಅರ್ನ್ಡ್ ರನ್ನಿನ ಸರಾಸರಿ, 2.69 ಬರುತ್ತದೆ. ಸರಿಯಾದದ್ದು 2.67. ನಿಮ್ಮ ಉತ್ತರ ಕೊನೆಯ ಅಂಕಿಯಲ್ಲಿ ಮಾತ್ರ ಬೇರೆ ಬಂದರೆ ಮೊದಲು ಈ ಚುಕ್ಕಿಯನ್ನೇ ನೋಡಿ.

ಇ.ಆರ್.ಎ. ಅಂದರೇನು ಅಂತ ಅಣ್ಣನೂ ಕೇಳಿದ್ದ. ಫೋನಿನಲ್ಲಿ ಶೀಟ್ ಕಳಿಸಿದ್ದಕ್ಕೆ ಅವನ ಮೊದಲ ಪ್ರಶ್ನೆ, “ಇದರಲ್ಲಿ ಅವರೇಜ್ ಎಲ್ಲಿದೆಯೇ?” ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಎಷ್ಟು ಅರ್ನ್ಡ್ ರನ್ ಕೊಟ್ಟರು ಅನ್ನುವುದೇ ಇಲ್ಲಿನ ಅವರೇಜ್. ಪಂದ್ಯ ಒಂಬತ್ತು ಇನ್ನಿಂಗ್ಸಿನದು, ಅದಕ್ಕೆ ಒಂಬತ್ತು. ರಯಾನ್ 1,911 ಅರ್ನ್ಡ್ ರನ್ ಕೊಟ್ಟರು. ಒಂಬತ್ತರಿಂದ ಗುಣಿಸಿ 5,386ರಿಂದ ಭಾಗಿಸಿದರೆ 3.19. ಅವರ ಮೇಲೆ ಬಂದ ಒಟ್ಟು ರನ್ 2,178. ಉಳಿದ 267 ರನ್ ಫೀಲ್ಡಿಂಗ್ ತಪ್ಪಿನಿಂದ ಬಂದವು, ಅವನ್ನು ಪಿಚರ್ ತಲೆಗೆ ಕಟ್ಟುವುದಿಲ್ಲ. “ಅಂದ್ರೆ ಸ್ಲಿಪ್ಪಲ್ಲಿ ಕ್ಯಾಚ್ ಬಿಟ್ರೆ ಆಮೇಲಿನ ರನ್ ಬೌಲರ್‌ದಲ್ಲ ಅಂತನಾ? ನಮಗೂ ಇದಿದ್ದಿದ್ರೆ!” ಅಂದ. ಅವನು ಮೀಡಿಯಂ ಪೇಸ್ ಹಾಕುತ್ತಿದ್ದ. ಬಿಟ್ಟ ಕ್ಯಾಚುಗಳೆಲ್ಲ ಅವನಿಗೆ ಇವತ್ತಿಗೂ ನೆನಪಿವೆ.

ಗೆಲುವು–ಸೋಲಿನ ಕಾಲಂ ಹತ್ತಿರ ಬಂದಾಗ ನನ್ನ ಮಗಳು ಪಕ್ಕದಲ್ಲಿ ಕೂತಿದ್ದಳು. ಅವಳು ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. 1987ರ ಸಾಲು ನೋಡಿ, “ಅಮ್ಮ, ಇದು ತಪ್ಪು ಟೈಪ್ ಮಾಡಿದೀಯಾ” ಅಂದಳು. ತಪ್ಪಿರಲಿಲ್ಲ. ಹ್ಯೂಸ್ಟನ್ ಆಸ್ಟ್ರೋಸ್ ತಂಡದಲ್ಲಿದ್ದ ರಯಾನ್ ಆ ವರ್ಷ 2.76 ಇ.ಆರ್.ಎ.ಯೊಂದಿಗೆ ಇಡೀ ನ್ಯಾಷನಲ್ ಲೀಗ್‌ಗೆ ಮೊದಲಿಗರು. 270 ಸ್ಟ್ರೈಕ್‌ಔಟ್, ಅದರಲ್ಲೂ ಮೊದಲಿಗರು. ಗೆದ್ದದ್ದು 8, ಸೋತದ್ದು 16.

ಹೀಗಾಗಲು ನಿಯಮವೇ ಕಾರಣ. ಆರಂಭದ ಪಿಚರ್‌ಗೆ ಗೆಲುವು ಸಿಗಬೇಕಾದರೆ ಅವರು ಕನಿಷ್ಠ ಐದು ಇನ್ನಿಂಗ್ಸ್ ಹಾಕಿರಬೇಕು, ಅವರು ಹೊರಡುವಾಗ ತಂಡ ಮುಂದಿರಬೇಕು, ಆಮೇಲೆ ಆ ಮುನ್ನಡೆ ಕೈತಪ್ಪಬಾರದು. ಬ್ಯಾಟರ್‌ಗಳು ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಿಯೂ ಪ್ರಯೋಜನವಿಲ್ಲ. ಡಿಗ್ರಾಮ್ ಅವರಿಗೂ 2018ರಲ್ಲಿ ಮೆಟ್ಸ್‌ನಲ್ಲಿ ಇದೇ ಆಯಿತು. ಇ.ಆರ್.ಎ. 1.70, ಆದರೂ 10 ಗೆಲುವು, 9 ಸೋಲು. ವ್ಯತ್ಯಾಸ ಏನೆಂದರೆ, ಅವರಿಗೆ ಆ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು, 30 ಮತಗಳಲ್ಲಿ 29 ಮೊದಲ ಸ್ಥಾನದ ಮತ. ಅಷ್ಟು ಹೊತ್ತಿಗೆ ಮತ ಹಾಕುವವರು ಗೆಲುವಿನ ಕಾಲಂ ದಾಟಿ ನೋಡುವುದನ್ನು ಕಲಿತಿದ್ದರು. ರಯಾನ್‌ಗೆ 1987ರಲ್ಲಿ ಬರಲಿಲ್ಲ. ಇಡೀ ಬದುಕಿನಲ್ಲಿ ಒಂದು ಸಲವೂ ಬರಲಿಲ್ಲ. ನನ್ನ ಮನಸ್ಸಿಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಆ ದಿನದಿಂದ ಗೆಲುವು–ಸೋಲಿನ ಕಾಲಂಗಳನ್ನು ನನ್ನ ಶೀಟಿನಲ್ಲಿ ಬಲಗಡೆಯ ತುದಿಗೆ ಸರಿಸಿಬಿಟ್ಟೆ. ಅಳಿಸಲಿಲ್ಲ, ನಡೆದದ್ದು ನಡೆದದ್ದೇ.

ಹಾಗಂತ ರಯಾನ್ ಅವರಲ್ಲಿ ಕೊರತೆಯೇ ಇರಲಿಲ್ಲ ಅಂತಲ್ಲ. ಬ್ಯಾಟರ್‌ಗೆ ಗುರಿ ತಪ್ಪಿದ ನಾಲ್ಕು ಎಸೆತ ಹಾಕಿದರೆ ಅವನು ಆರಾಮಾಗಿ ರನ್ನಿನ ದಾರಿಯ ಮೊದಲ ನಿಲ್ದಾಣಕ್ಕೆ, ಅಂದರೆ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ಅದಕ್ಕೆ ವಾಕ್ ಅಂತಾರೆ. ರಯಾನ್ ಕೊಟ್ಟ ವಾಕ್ 2,795. ಅದೂ ದಾಖಲೆಯೇ. ಎರಡನೆಯವರಾದ ಸ್ಟೀವ್ ಕಾರ್ಲ್ಟನ್ ಕೊಟ್ಟದ್ದು 1,833. ಆಫೀಸಿನ ಜಗಳದಲ್ಲಿ ರಯಾನ್ ಅವರನ್ನು ಒಪ್ಪದ ಹಿರಿಯರ ಪಕ್ಷಕ್ಕೆ ನಿಜವಾದ ಬಲ ಇರುವುದು ಇಲ್ಲಿ, ಸೋಲಿನ ಲೆಕ್ಕದಲ್ಲಲ್ಲ.

ಅಂಕಿಗಳೆಲ್ಲ ಬೇಸ್‌ಬಾಲ್ ರೆಫರೆನ್ಸ್ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತವೆ, ಕಾಪಿ ಮಾಡಿ ಹಾಕಬಹುದಿತ್ತು. ಬೇಕೆಂದೇ ಕೈಯಾರೆ ಹಾಕಿದೆ. ಒಂದೊಂದು ವರ್ಷವನ್ನೂ ಬೆರಳು ಮುಟ್ಟಿದರೆ ಅಂಕಿ ನೆನಪಿನಲ್ಲಿ ಕೂರುತ್ತದೆ. 1974ರಲ್ಲಿ ವಾಕ್ 202, 1977ರಲ್ಲಿ 204 ಅಂತ ಹಾಕಿದವಳಿಗೆ, 1989ರಲ್ಲಿ 98 ಅಂತ ಹಾಕುವಾಗ ಕೈ ತಾನಾಗಿ ನಿಂತಿತು. ಆ ವರ್ಷ ಸ್ಟ್ರೈಕ್‌ಔಟ್ 301. ವಯಸ್ಸು ನಲವತ್ತೆರಡು.

ಅಲ್ಲಿಂದ ಒಂದು ಯೋಚನೆ ಬಂತು. ವರ್ಷಗಳನ್ನು ತಂಡದ ಪ್ರಕಾರ ಕಟ್ಟು ಕಟ್ಟಿದೆ. ಕ್ಯಾಲಿಫೋರ್ನಿಯಾ ಏಂಜಲ್ಸ್‌ನಲ್ಲಿ 1972ರಿಂದ 1979, ಅವರ ಇಪ್ಪತ್ತೈದರಿಂದ ಮೂವತ್ತೆರಡರವರೆಗಿನ ತುಂಬು ಪ್ರಾಯ. 1973ರಲ್ಲಿ 383 ಸ್ಟ್ರೈಕ್‌ಔಟ್ ಮಾಡಿ ಸ್ಯಾಂಡಿ ಕೂಫ್ಯಾಕ್ಸ್ ಎಂಬ ಪಿಚರ್ ಒಂದೇ ವರ್ಷದಲ್ಲಿ ಮಾಡಿದ್ದ 382ನ್ನು ಒಂದರಿಂದ ದಾಟಿದ್ದು ಆಗಲೇ. ಆ ಎಂಟು ವರ್ಷದಲ್ಲಿ 2181.1 ಇನ್ನಿಂಗ್ಸ್, 2,416 ಸ್ಟ್ರೈಕ್‌ಔಟ್, 1,302 ವಾಕ್. ಒಂಬತ್ತು ಇನ್ನಿಂಗ್ಸ್‌ಗೆ 9.97 ಸ್ಟ್ರೈಕ್‌ಔಟ್, 5.37 ವಾಕ್.

ಇನ್ನೊಂದು ಕಟ್ಟು ರೇಂಜರ್ಸ್‌ನ ಕೊನೆಯ ಐದು ವರ್ಷ, 1989ರಿಂದ 1993. ನಲವತ್ತೆರಡರಿಂದ ನಲವತ್ತಾರು. 840 ಇನ್ನಿಂಗ್ಸ್, 939 ಸ್ಟ್ರೈಕ್‌ಔಟ್, 353 ವಾಕ್. ಒಂಬತ್ತು ಇನ್ನಿಂಗ್ಸ್‌ಗೆ 10.06 ಸ್ಟ್ರೈಕ್‌ಔಟ್, 3.78 ವಾಕ್.

ಎರಡು ಸಲ ಮಾಡಿ ನೋಡಿದೆ, ಉತ್ತರ ಅದೇ. ಸ್ಟ್ರೈಕ್‌ಔಟ್ ಸ್ವಲ್ಪ ಜಾಸ್ತಿಯೇ ಆಗಿದೆ. ವಾಕ್ ಹತ್ತಿರ ಹತ್ತಿರ ಶೇಕಡ ಮೂವತ್ತರಷ್ಟು ಇಳಿದಿದೆ. ಎಪ್ಪತ್ತರ ದಶಕಕ್ಕಿಂತ ಆಮೇಲಿನ ಕಾಲದಲ್ಲಿ ಎಲ್ಲ ಬ್ಯಾಟರ್‌ಗಳೂ ಸ್ವಲ್ಪ ಹೆಚ್ಚು ಸ್ಟ್ರೈಕ್‌ಔಟ್ ಆಗುತ್ತಿದ್ದರು, ಅದನ್ನು ಕಳೆಯಲೇಬೇಕು. ಕಳೆದರೂ, ಪ್ರಾಯದಲ್ಲಿದ್ದ ವೇಗವನ್ನು ಆ ವಯಸ್ಸಿನವರೆಗೆ ಕಾಪಾಡಿಕೊಂಡು, ಜೊತೆಗೆ ಹತೋಟಿಯನ್ನೂ ಕಲಿತ ಮನುಷ್ಯ ಈ ಸಾಲುಗಳಲ್ಲಿ ಕಾಣುತ್ತಾರೆ. ‘2,795’ ಎಂಬ ಒಟ್ಟು ಮೊತ್ತದಲ್ಲಿ ಅದು ಕಾಣುವುದಿಲ್ಲ. ಮೊತ್ತ ಅವರನ್ನು ಹತೋಟಿ ಇಲ್ಲದ ಪಿಚರ್ ಅನ್ನುತ್ತದೆ. 1991ರ ಮೇ 1ರಂದು ಆರ್ಲಿಂಗ್ಟನ್‌ನಲ್ಲಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ, ಟೊರಾಂಟೊ ತಂಡಕ್ಕೆ ಒಂದೂ ಹಿಟ್ ಕೊಡದೆ, ಅಂದರೆ ಯಾರನ್ನೂ ಹೊಡೆತದ ಬಲದಿಂದ ಬೇಸ್ ತಲುಪಲು ಬಿಡದೆ, 16 ಸ್ಟ್ರೈಕ್‌ಔಟ್ ಮಾಡಿದ್ದು ಈ ಎರಡನೇ ಕಟ್ಟಿನ ರಯಾನ್. ಅದು ಅವರ ಏಳನೇ ನೋ-ಹಿಟರ್. ಬೇರೆ ಯಾರಿಗೂ ನಾಲ್ಕಕ್ಕಿಂತ ಹೆಚ್ಚಿಲ್ಲ.

ಶೀಟಿನ ಪ್ರಿಂಟ್ ತೆಗೆದು ಆಫೀಸಿಗೆ ಒಯ್ದೆ. ಇಬ್ಬರೂ ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು. ಜಗಳವೇನೂ ನಿಲ್ಲಲಿಲ್ಲ. ಆದರೆ ಈಗ ಅದು ಏಂಜಲ್ಸ್ ಕಾಲದ ರಯಾನ್ ದೊಡ್ಡವರಾ, ರೇಂಜರ್ಸ್ ಕಾಲದವರಾ ಅನ್ನುವ ಜಗಳ.

ಈಗ ಪ್ರತಿ ಸೀಸನ್ನನ್ನೂ ಪಂದ್ಯದ ಪ್ರಕಾರ ಬಿಡಿಸಿ ಹಾಕುತ್ತಿದ್ದೇನೆ. 807 ಪಂದ್ಯ, 807 ಸಾಲು. ಹಿಂದಿನಿಂದ ಶುರು ಮಾಡಿದ್ದರಿಂದ ಮೊದಲು ಸಿಕ್ಕಿದ್ದೇ ಅವರ ಕೊನೆಯ ಪಂದ್ಯ. 1993ರ ಸೆಪ್ಟೆಂಬರ್ 22, ಸಿಯಾಟಲ್. ಮೊದಲ ಇನ್ನಿಂಗ್ಸಿನಲ್ಲೇ ಮೊಣಕೈಯ ಲಿಗಮೆಂಟ್ ಹರಿಯಿತು. ಒಬ್ಬರನ್ನೂ ಔಟ್ ಮಾಡದೆ ಇಳಿದರು. ಅರ್ನ್ಡ್ ರನ್ 5, ಔಟ್ 0. ಸೂತ್ರ ಹಾಕಿದ ತಕ್ಷಣ ಎಕ್ಸೆಲ್ ಸೊನ್ನೆಯಿಂದ ಭಾಗಿಸಲಾಗದು ಎಂದು ಎರರ್ ತೋರಿಸಿತು.

ಆ ಒಂದು ಸಾಲು ತೆಗೆದರೆ ಅವರ 1993ರ ಇ.ಆರ್.ಎ. 4.21. ಇಟ್ಟರೆ 4.88. “ತೆಗೆದುಬಿಡು ಅಮ್ಮ, ಪಾಪ, ಕೈ ಹೋಗಿತ್ತಲ್ಲ” ಅಂದಳು ಮಗಳು. ತೆಗೆಯಲು ಬರುವುದಿಲ್ಲ ಕಂದ, ತಾಳೆ ಆಗಲ್ಲ ಅಂದೆ. ಇ.ಆರ್.ಎ. ಚೌಕ ಖಾಲಿ ಬಿಟ್ಟು, ಐದು ರನ್ ಹಾಗೇ ಇಟ್ಟು, ಮೇಲಿನ ಸಾಲಿಗೆ ಹೋದೆ.